ಎರಡೂ ಕಾಲು ತೆಗೆದಿದ್ದೆ

ಶೋರೂಮಿನ ಗೇಟು ದಾಟುವ ಮೊದಲೇ ಕಾರು ಇನ್ನೊಮ್ಮೆ ಕುಪ್ಪಳಿಸಿ ಆಫ್ ಆಯಿತು. ಹಿಂದಿನ ಸೀಟಿನಲ್ಲಿ ಎಡಗಾಲನ್ನು ಅಡ್ಡಡ್ಡ ಚಾಚಿ ಕೂತಿದ್ದ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು.

“ಕ್ಲಚ್ ನಿಧಾನಕ್ಕೆ ಬಿಡಿ ಮೇಡಂ,” ಎಂದ ಪಕ್ಕದ ಸೀಟಿನಲ್ಲಿದ್ದ ಮ್ಯಾನೇಜರ್. ದನಿಯಲ್ಲಿ ಸಕ್ಕರೆ ಇನ್ನೂ ಇತ್ತು, ಆದರೆ ತಳ ಹಿಡಿಯತೊಡಗಿತ್ತು.

“ನಾನು ನಿಧಾನಕ್ಕೇ ಬಿಡ್ತೀನಪ್ಪ, ಕಾರಿಗೇ ಅವಸರ,” ಎಂದಳು ಸ್ಟಿಯರಿಂಗ್ ಹಿಡಿದಿದ್ದ ನನ್ನ ಚಿಕ್ಕಮ್ಮ.

ಈ ಮಾತು ಹೇಳಿದವಳು ಊರಿನ ಆ ತುದಿಯಲ್ಲಿ ಹೆಂಗಸರಿಗೆಂದೇ ಡ್ರೈವಿಂಗ್ ಸ್ಕೂಲು ನಡೆಸಿ ಕೂದಲು ಹಣ್ಣು ಮಾಡಿಕೊಂಡವಳು. ನಿದ್ದೆಯಲ್ಲೂ ಗೇರು ಬದಲಿಸುವಂಥವಳು. ಮ್ಯಾನೇಜರ್ ಊರಿಗೆ ಹೊಸಬ, ಅವಳ ಗುರುತು ಅವನಿಗಿರಲಿಲ್ಲ. ಈಗಷ್ಟೇ ಕಲಿಯುತ್ತಿರುವವಳಂತೆ ಓಡಿಸು ಎಂದು ನಾನೇ ಅವಳನ್ನು ಬೇಡಿಕೊಂಡಿದ್ದೆ. ಕೆಟ್ಟದಾಗಿ ಓಡಿಸೋದು ಚೆನ್ನಾಗಿ ಓಡಿಸೋಕಿಂತ ಕಷ್ಟ ಕಣೋ ಎಂದು ಗೊಣಗಿ ಒಪ್ಪಿದ್ದಳು.

ನನ್ನಿಂದಲೇ ಆಗಿದ್ದರೆ ಅವಳನ್ನು ಕರೆತರುತ್ತಿರಲಿಲ್ಲ. ಆದರೆ ನನ್ನ ಎಡ ಮೊಣಕಾಲು ಪೊಲೀಸ್ ನೌಕರಿಯ ಜೊತೆಯಲ್ಲೇ ಮುರಿದುಹೋಗಿದೆ, ಕ್ಲಚ್ ಒತ್ತಲಾಗದು. ಗೇರಿನ ಕಾರಿನ ರಹಸ್ಯ ಹುಡುಕಲು ಹೊರಟ ಪತ್ತೇದಾರನಿಗೆ ಗೇರು ಹಾಕಲು ಆಗುವುದಿಲ್ಲ. ಸಾಲದ್ದಕ್ಕೆ ಈ ಪುಟ್ಟ ಕಾರಿಗೆ ಎರಡೇ ಬಾಗಿಲು. ಮುಂದಿನವರು ಎದ್ದು ಸೀಟು ಮಡಚಿದರೆ ಹಿಂದಿನವನಿಗೆ ಬಿಡುಗಡೆ, ಇಲ್ಲದಿದ್ದರೆ ಮೂಟೆಯ ಹಾಗೆ ಬಿದ್ದಿರಬೇಕು.

ಇದೇ ಶೋರೂಮಿನ ಇಂಥದೇ ಇನ್ನೊಂದು ಟ್ರಯಲ್ ಕಾರಿಗೂ ಗೋಡೆಗೂ ನಡುವೆ ಸಿಕ್ಕಿ ಇಲ್ಲಿನ ಸೇಲ್ಸ್‌ಮನ್ ಸತ್ತಿದ್ದ. ಸ್ಟಿಯರಿಂಗ್ ಮುಂದೆ ಕೂತಿದ್ದ ನನ್ನ ತಂಗಿ ಲಾಕಪ್ಪಿನಲ್ಲಿದ್ದಳು.

ಸೇಲ್ಸ್‌ಮನ್‌ಗೆ ನಗುಮುಖ ಎಂದೇ ಹೆಸರಾಗಿತ್ತು. ಆ ನಗುವಿಗೆ ನನ್ನ ತಂಗಿಯೂ ಒಮ್ಮೆ ಮರುಳಾಗಿದ್ದಳು. ಮದುವೆ ಮಾತಾಗಿ, ಬಟ್ಟೆಯೂ ಹೊಲಿಸಿಯಾದ ಮೇಲೆ ಅವನು ಬೇಡವೆಂದು ನಗುತ್ತಲೇ ಹೇಳಿಹೋಗಿದ್ದ. ಆಮೇಲೆ ತಂಗಿ ಲ್ಯಾಬಿನ ಕೆಲಸ ಹಿಡಿದಳು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರಲು ಅವಳಿಗೊಂದು ಸಣ್ಣ ಕಾರು ಬೇಕಿತ್ತು. ಈ ಶೋರೂಮಿನಲ್ಲಿ ಅವನಿದ್ದಾನೆಂದು ಗೊತ್ತಿದ್ದೂ ಹೋದಳು. ಅವನಿಗೆ ಹೆದರಿ ನಾನ್ಯಾಕೆ ಊರೆಲ್ಲ ಸುತ್ತಲಿ ಎಂದಿದ್ದಳಂತೆ. ಆ ಒಂದು ಮಾತನ್ನು ಹಿಡಿದುಕೊಂಡು ಪೊಲೀಸರು ಅದನ್ನು ಕೊಲೆ ಎನ್ನುತ್ತಿದ್ದರು.

ಕಾರು ರಸ್ತೆಗೆ ಬಿತ್ತು. ನಾನು ಎರಡು ಸೀಟುಗಳ ನಡುವೆ ತಲೆ ತೂರಿಸಿ, ಹೊಸ ಕಾರಿನ ಸೊಗಸು ನೋಡುವವನಂತೆ ಮ್ಯಾನೇಜರನ ಕಾಲನ್ನೇ ನೋಡುತ್ತ ಕೂತೆ.

ಯಾಕೆಂದರೆ ಕಲಿಸುವವರ ಕಾಲು ಸುಮ್ಮನಿರುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಕಲಿಸುವವರು ಅದನ್ನು ಒತ್ತುತ್ತಾರೆ. ಒತ್ತಿ ಒತ್ತಿ ಕಾಲಿಗೆ ಅದೇ ಚಟವಾಗುತ್ತದೆ. ಚಿಕ್ಕಮ್ಮ ಬಸ್ಸಿನಲ್ಲಿ ಕೂತರೂ ನೆಲವನ್ನು ತುಳಿಯುತ್ತಿದ್ದಳು, ನಾನೂ ತಂಗಿಯೂ ಅದನ್ನು ನೋಡಿ ನಗುತ್ತಿದ್ದೆವು. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಸಾಕಿದವಳು ಅವಳೇ. ಆ ಮನೆಯಲ್ಲಿ ನಗು ಇದ್ದದ್ದು ಅವಳಿಂದ.

ಸ್ಟೇಷನ್ನಿನ ಅಂಗಳದಲ್ಲಿ ಜಪ್ತಿಯಾಗಿ ನಿಂತಿದ್ದ ಕಾರಿನೊಳಗೆ ನಾನು ಹಿಂದಿನ ದಿನ ತಲೆ ಹಾಕಿದ್ದೆ. ಎಲ್ಲ ಮ್ಯಾಟುಗಳೂ ಸವೆದು ಕೊಳೆಯಾಗಿದ್ದವು, ಪಕ್ಕದ ಸೀಟಿನ ಮುಂದಿನದು ಮಾತ್ರ ಹೊಚ್ಚಹೊಸದು. ಎತ್ತಿ ನೋಡಿದರೆ ಕೆಳಗೆ ಬೋಲ್ಟಿನ ತೂತುಗಳು. ಅವು ಸೀಟಿನ ನೇರಕ್ಕಿರಲಿಲ್ಲ. ವಿಚಿತ್ರವಾಗಿ, ಗೇರಿನ ಕಡೆಯ ಉಬ್ಬಿಗೆ ಒತ್ತಿಕೊಂಡಂತೆ ಇದ್ದವು. ಇನ್ಸ್‌ಪೆಕ್ಟರ್‌ಗೆ ತೋರಿಸಿದೆ. ಹೊಸ ಮ್ಯಾಟ್ ಹಾಕಿದ್ದಕ್ಕೆ ಯಾರನ್ನ ಅರೆಸ್ಟ್ ಮಾಡ್ಲಿ ಹೇಳು ಎಂದರು. ಅವರನ್ನು ಬಿಟ್ಟು ಮತ್ಯಾರಿಗೂ ನಾನು ತೂತಿನ ವಿಷಯ ಹೇಳಿರಲಿಲ್ಲ, ಚಿಕ್ಕಮ್ಮನಿಗೂ.

ಆ ತೂತಿನಲ್ಲೇ ತಂಗಿಯ ಪ್ರಾಣವಿತ್ತು. ಮೊದಲ ದಿನ ಅವಳು ಹೇಳಿದ್ದು ಇಷ್ಟೇ. ಕಾರು ನಿಂತಿತ್ತು. ನ್ಯೂಟ್ರಲ್‌ನಲ್ಲಿದೆ ಅಂದುಕೊಂಡು ಎರಡೂ ಕಾಲು ತೆಗೆದಿದ್ದೆ. ಬೆವರು ಒರೆಸಿಕೊಂಡೆ, ಬಾಟಲಿಯಿಂದ ನೀರು ಕುಡಿದೆ. ಆಮೇಲೆ ಕಾರು ತಾನಾಗೇ ಹಾರಿತು.

ಇನ್ಸ್‌ಪೆಕ್ಟರ್ ಕೆಟ್ಟವರಲ್ಲ, ಲೆಕ್ಕದ ಮನುಷ್ಯ. “ಗೇರು ಫಸ್ಟಲ್ಲಿತ್ತು, ಎಂಜಿನ್ ಓಡ್ತಿತ್ತು. ಕಾಲು ತೆಗೆದ ತಕ್ಷಣ ಗಾಡಿ ಹಾರಬೇಕು, ಇಲ್ಲ ಆಫ್ ಆಗಬೇಕು. ಇವಳು ನೀರು ಕುಡಿಯೋವರೆಗೂ ಕ್ಲಚ್ ಯಾರು ಹಿಡ್ಕೊಂಡಿದ್ರು? ದೆವ್ವಾನಾ?” ಎಂದು ಅವರು ಕೇಳಿದ್ದರು. ತೂತು ನೋಡಿದ ಮೇಲೆ ಉತ್ತರ ಸಿಕ್ಕಿತ್ತು. ಪಕ್ಕದ ಸೀಟಿನಲ್ಲಿ ಯಾರೋ ಇದ್ದರು. ಹಿಡಿದಿದ್ದವರೂ ಅವರೇ, ಬಿಟ್ಟವರೂ ಅವರೇ.

ನನ್ನ ಅನುಮಾನ ಮ್ಯಾನೇಜರನ ಮೇಲಿತ್ತು. ಓಡಿ ಸವೆದ ಟ್ರಯಲ್ ಕಾರುಗಳ ಮೀಟರ್ ತಿರುಗಿಸಿ ಹೊಸದೆಂದು ಮಾರುತ್ತಿದ್ದವನು ಇವನು. ಕಂಪನಿಗೆ ಹೇಳ್ತೀನಿ ಎಂದು ನಗುಮುಖ ಇವನನ್ನು ಹೆದರಿಸಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಇವನ ಕಾಲು ಇವನನ್ನು ಹಿಡಿದುಕೊಡಲಿ ಎಂದು ಕಾದೆ.

ಚಿಕ್ಕಮ್ಮ ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದಳು. ಮೂರನೇ ಗೇರಿನ ಬದಲು ಒಂದನೆಯದಕ್ಕೆ ಎಳೆದಳು. ನಿಂತ ಲಾರಿಯ ಹಿಂಭಾಗಕ್ಕೆ ಮೂಗು ತಾಗುವವರೆಗೂ ಬ್ರೇಕು ಹಾಕಲಿಲ್ಲ. ಏರಿನಲ್ಲಿ ಕಾರನ್ನು ಹಿಂದಕ್ಕೆ ಜಾರಲು ಬಿಟ್ಟು ಅಯ್ಯೋ ಎಂದಳು. ಮ್ಯಾನೇಜರ್ ಬೆವೆತ, ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ, ಒಂದು ಸಲ ಕಣ್ಣನ್ನೇ ಮುಚ್ಚಿದ. ಅವನ ಕಾಲು ಮಾತ್ರ ಬೇರೂರಿದ ಹಾಗೆ ಇದ್ದಲ್ಲೇ ಇತ್ತು.

ಇವನಲ್ಲದಿದ್ದರೆ ನನ್ನ ಬಳಿ ಇನ್ಯಾರೂ ಇರಲಿಲ್ಲ.

ಬೆಳಿಗ್ಗೆ ತಂಗಿಯನ್ನು ನೋಡಿ ಬಂದಿದ್ದೆ. ಕಂಬಿಯ ಆಚೆ ಅವಳು ಮೊಣಕಾಲು ಅಪ್ಪಿ ಕೂತಿದ್ದಳು. ಕೇಳಿದ ಮೊದಲ ಮಾತು, ಚಿಕ್ಕಮ್ಮ ಊಟ ಮಾಡ್ತಿದಾಳಾ ಎಂದು. ಹೋದಾಗಲೆಲ್ಲ ಅದನ್ನೇ ಕೇಳುತ್ತಾಳೆ. ಆಮೇಲೆ, ಸಾಕಾಯಿತು ಅಣ್ಣ ಎಂದಳು.

“ಕೋಪ ಬಂತು, ನಾನೇ ಹಾಯಿಸಿದೆ ಅಂತ ಬರೆದುಕೊಡ್ತೀನಿ. ಮಧ್ಯಾಹ್ನ ಸಹಿ ಹಾಕ್ತೀನಿ. ನೀನು ಇನ್ನು ಹುಡುಕಬೇಡ.”

ಹುಚ್ಚಾ ನಿನಗೆ ಎಂದು ರೇಗಿದೆ. ಅಂದು ಪಕ್ಕದಲ್ಲಿ ಯಾರಿದ್ದರು ಎಂದು ಮತ್ತೆ ಮತ್ತೆ ಕೇಳಿದೆ. ಯಾರೂ ಇರಲಿಲ್ಲ ಎಂದು ಗೋಡೆಗೆ ಹೇಳಿದಳು. ಕೂಸುಮರಿಯಾಗಿ ನನ್ನ ಬೆನ್ನ ಮೇಲೆ ಬೆಳೆದ ಹುಡುಗಿ ನನ್ನ ಕಣ್ಣೆದುರೇ ಮುಳುಗುತ್ತಿದ್ದಳು, ಚಾಚಿದ ಕೈಯನ್ನು ಅವಳೇ ದೂಡುತ್ತಿದ್ದಳು. ಅಲ್ಲಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಮುಚ್ಚಿಹೋದ ಒಂದು ಕೋಲ್ಡ್ ಸ್ಟೋರೇಜಿನ ಹಿಂದಿನ ಅಂಗಳಕ್ಕೆ ಕಾರು ತಿರುಗಿತು. ಟ್ರಯಲ್ ಡ್ರೈವಿನವರೆಲ್ಲ ಇಲ್ಲಿಗೇ ಬರುವುದು. ಅಂಗಳ ಎದುರಿನ ಗೋಡೆಯ ಕಡೆಗೆ ಸ್ವಲ್ಪ ಇಳಿಜಾರಾಗಿದೆ. ನಗುಮುಖ ಹಿಂದಿನ ಸೀಟಿನಿಂದ ಇಳಿದು, ಆ ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡೂ ಕೈಯಾಡಿಸಿ ಗಿರಾಕಿಯನ್ನು ಕರೆಯುತ್ತಿದ್ದನಂತೆ: ಬನ್ನಿ, ಇನ್ನೂ ಬನ್ನಿ, ಇನ್ನೂ ಜಾಗ ಇದೆ. ಕಾರಿನ ಮೂತಿ ಎಷ್ಟು ಮೋಟು, ಪಾರ್ಕ್ ಮಾಡಲು ಎಷ್ಟು ಸಲೀಸು ಎಂದು ತೋರಿಸುವ ಅವನ ಕಲೆ ಅದು. ಬಂಪರು ಮೊಣಕಾಲಿಗೆ ತಾಗುವಷ್ಟರಲ್ಲಿ ನಿಲ್ಲಿಸಿ ಎಂದರೆ ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರಂತೆ. ಆ ಕಲೆಗೇ ಹುಡುಗ ಬಲಿಯಾದ.

ಚಿಕ್ಕಮ್ಮ ಕಾರನ್ನು ಗೋಡೆಯಿಂದ ಬಹಳ ದೂರದಲ್ಲೇ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದು, ತಲೆ ಸುತ್ತುತ್ತಿದೆ, ಗಾಳಿಗೆ ನಿಲ್ಲುತ್ತೇನೆ ಎಂದು ಇಳಿದು ಬಾಗಿಲು ಹಾಕಿಕೊಂಡಳು. ದೂರಕ್ಕೆ ಹೋಗಿ, ಗೋಡೆಗೆ ಬೆನ್ನು ತಿರುಗಿಸಿ ನಿಂತಳು.

ಒಳ್ಳೆಯದೇ ಆಯಿತು ಎಂದುಕೊಂಡೆ. ಮ್ಯಾನೇಜರನ ಭುಜದ ಮೇಲೆ ಕೈಯಿಟ್ಟು, ನಾನು ಲಾಕಪ್ಪಿನಲ್ಲಿರುವ ಹುಡುಗಿಯ ಅಣ್ಣ ಎಂದೆ. ಅವನು ಬಾಗಿಲಿಗೆ ಕೈ ಹಾಕಿದ. ಓಡಿದರೆ ಹಿಡಿಯಲು ನನ್ನಿಂದ ಆಗುತ್ತಿರಲಿಲ್ಲ, ಸೀಟು ಮಡಚುವವರೂ ಇರಲಿಲ್ಲ. ಹಾಗಾಗಿ ಬಾಯಿಯನ್ನೇ ನಂಬಿದೆ.

“ಹೊಸ ಮ್ಯಾಟ್ ಯಾಕೆ ಹಾಕಿದ್ರಿ?”

ಅವನ ಕೈ ಬಾಗಿಲ ಮೇಲೆಯೇ ನಿಂತಿತು.

“ಅದರ ಕೆಳಗಿದ್ದ ಪೆಡಲ್ ಎಲ್ಲಿ?”

ಮಾತು ಕಟ್ಟೆಯೊಡೆದು ಬಂತು. ಗೇರಿನ ಕಾರು ನೋಡಲು ಬರುವವರಲ್ಲಿ ಅರ್ಧ ಜನ ಸರಿಯಾಗಿ ಕಲಿಯದವರು. ಟ್ರಯಲ್‌ನಲ್ಲಿ ನಾಲ್ಕು ಸಲ ಆಫ್ ಆದರೆ ಹೆದರಿ ಆಟೋಮ್ಯಾಟಿಕ್ ಕೊಡಿ ಎನ್ನುತ್ತಾರೆ, ಅದು ಅವನ ಬಳಿ ಇರಲಿಲ್ಲ. ಅದಕ್ಕೆ ಒಂದು ಕಾರಿಗೆ ಗುಟ್ಟಾಗಿ ಪಕ್ಕದಲ್ಲೂ ಪೆಡಲ್ ಹಾಕಿಸಿದ್ದ. ಗಿರಾಕಿ ತಡವರಿಸಿದಾಗ ಪಕ್ಕದವರು ಮೆಲ್ಲಗೆ ಕ್ಲಚ್ ಹಿಡಿದು ಬಿಟ್ಟರೆ ಕಾರು ಬೆಣ್ಣೆಯ ಹಾಗೆ ಹೋಗುತ್ತದೆ ಎಂಬುದು ಅವನ ಲೆಕ್ಕ. ಗಿರಾಕಿ ತನ್ನದೇ ಜಾಣತನ ಎಂದು ಉಬ್ಬುತ್ತಾನೆ. ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ನಗುಮುಖ ಸತ್ತ ಸುದ್ದಿ ಬಂದ ಕೂಡಲೇ, ಪೊಲೀಸರು ಕಾರು ಒಯ್ಯುವ ಮೊದಲು ಬಂದು ಪೆಡಲ್ ಬಿಚ್ಚಿದ್ದ.

ಪೆಡಲ್ ಒತ್ತಿದ್ದೂ ನೀನೇ ಎಂದೆ.

“ಇಲ್ಲ ಸರ್. ನಾನವತ್ತು ಮೀಟಿಂಗಲ್ಲಿದ್ದೆ, ಪೊಲೀಸ್ನೋರೇ ವಿಡಿಯೋ ನೋಡಿದಾರೆ. ನನಗೆ ಆ ಪೆಡಲ್ ಒತ್ತೋಕೇ ಬರಲ್ಲ ಸರ್. ಸಣ್ಣ ಕಾರು, ಜಾಗ ಇಲ್ಲ ಅಂತ ಮೆಕ್ಯಾನಿಕ್ ಅದನ್ನ ಗೇರಿನ ಕಡೆ ಉಬ್ಬಿಗೆ ಅಂಟಿಸಿಬಿಟ್ಟಿದ್ದ. ಸೊಂಟ ತಿರುಗಿಸಿ ಎರಡೂ ಕಾಲು ಓರೆಯಾಗಿ ಹಾಕ್ಬೇಕು. ನಗುಮುಖಾನೂ ಎಷ್ಟು ಒದ್ದಾಡಿದ್ರೂ ಆಗ್ಲಿಲ್ಲ. ಕಲಿಸಿ ಅಭ್ಯಾಸ ಇರೋರಿಗೇ ಅದು ಬರೋದು.”

“ಹಾಗಾದ್ರೆ ಅವತ್ತು ಯಾರು ಕೂತಿದ್ರು?”

“ಗಿರಾಕಿ ಕಡೆಯೋರು ಯಾರಾದ್ರೂ ಜೊತೆಗೆ ಬಂದಿದ್ರೆ ಅವರನ್ನ ಮುಂದೆ ಕೂರಿಸಿ ಅವನು ಹಿಂದೆ ಕೂರ್ತಿದ್ದ. ಅಷ್ಟೇ ಗೊತ್ತು ನನಗೆ.”

ಈಗ ಬರೆಯುವಾಗ ಇದೆಲ್ಲ ಬೆಳಗಿನಷ್ಟು ಸ್ಪಷ್ಟ. ಆಗ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆಯಬಾರದೆಂದು ನನ್ನ ಮನಸ್ಸೇ ಬಾಗಿಲಿಗೆ ಅಡ್ಡ ನಿಂತಿತ್ತೇನೋ. ಈ ಕೇಸಿನಲ್ಲಿ ಶೋರೂಮಿನ ಕಾವಲುಗಾರನಿಂದ ಹಿಡಿದು ಕೋಲ್ಡ್ ಸ್ಟೋರೇಜಿನ ಮಾಲೀಕನವರೆಗೆ ಎಲ್ಲರನ್ನೂ ಅವತ್ತು ಎಲ್ಲಿದ್ದೆ ಎಂದು ಕೇಳಿದ್ದೆ. ಒಬ್ಬರನ್ನು ಕೇಳಿರಲಿಲ್ಲ. ಮನೆಯವರನ್ನು ಯಾರು ಕೇಳುತ್ತಾರೆ? ದೀಪದ ಬುಡದಲ್ಲೇ ಕತ್ತಲೆ.

ಮ್ಯಾನೇಜರ್ ಇಳಿದು, ವಾಪಸು ನಾನೇ ಓಡಿಸುತ್ತೇನೆ, ಇನ್ನೊಂದು ಹೆಣ ನೋಡುವ ಶಕ್ತಿ ನನಗಿಲ್ಲ ಎಂದು ಚಿಕ್ಕಮ್ಮನನ್ನು ಕರೆದ. ಅವಳು ಪಕ್ಕದ ಸೀಟಿಗೆ ಬಂದಳು. ಏನಂದ ಎಂದು ನನ್ನನ್ನು ಮೆಲ್ಲಗೆ ಕೇಳಿದಳು. ಆಮೇಲೆ ಹೇಳುತ್ತೇನೆ ಎಂದೆ.

ಕಾರು ಹೊರಟಿತು. ನನ್ನ ತಲೆಯಲ್ಲಿ ತಂಗಿ ಪೆನ್ನು ಹಿಡಿದು ಕೂತಿರುವುದೇ ಕಾಣುತ್ತಿತ್ತು. ಪೆಡಲ್ ಇತ್ತೆಂದು ಸಾಬೀತಾಯಿತು ನಿಜ, ಆದರೆ ಒತ್ತಿದವರಿಲ್ಲದ ಪೆಡಲನ್ನು ಕಟ್ಟಿಕೊಂಡು ಏನು ಮಾಡಲಿ. ಯಾರೂ ಇರಲಿಲ್ಲ ಎಂದು ಅವಳೇ ಬರೆದುಕೊಟ್ಟರೆ ಮುಗಿಯಿತು.

ಮಾರ್ಕೆಟ್ಟಿನ ತಿರುವಿನಲ್ಲಿ, ನಿಂತ ಎರಡು ವ್ಯಾನುಗಳ ನಡುವಿನಿಂದ ಹೆಗಲ ಮೇಲೆ ಏಣಿ ಹೊತ್ತವನೊಬ್ಬ ಅಡ್ಡ ಬಂದ. ಏಣಿ ಮೊದಲು ಬಂತು, ಅವನು ಆಮೇಲೆ. ಮ್ಯಾನೇಜರ್ ಅರೆಕ್ಷಣ ತಡವಾಗಿ ಬ್ರೇಕು ತುಳಿದ.

ಅದಕ್ಕೂ ಮುಂಚೆ ಇನ್ನೊಬ್ಬರು ತುಳಿದಿದ್ದರು.

ಚಿಕ್ಕಮ್ಮ ಬ್ರೇಕು ತುಳಿಯುವುದು ಹೊಸದಲ್ಲ. ಬಸ್ಸಿನಲ್ಲಿ ತುಳಿಯುವಾಗ, ಸ್ಕೂಲಿನ ಕಾರಿನಲ್ಲಿ ತುಳಿಯುವಾಗ, ಅವಳ ಕಾಲು ನೇರಕ್ಕೆ ಹೋಗುತ್ತಿತ್ತು. ಅವಳ ಕಾರಿನ ಪೆಡಲ್ ಸೀಟಿನ ನೇರಕ್ಕೇ ಇದೆ, ನಾನು ಕಲಿತದ್ದೇ ಆ ಕಾರಿನಲ್ಲಿ. ಈಗ ಅವಳ ಸೊಂಟ ತಿರುಗಿತು. ಎರಡೂ ಪಾದ ಓರೆಯಾಗಿ ಹೋಗಿ ಗೇರಿನ ಕಡೆಯ ಉಬ್ಬಿಗೆ ಬಡಿದವು. ಒಂದು ಕ್ಲಚ್ಚಿಗೆ, ಒಂದು ಬ್ರೇಕಿಗೆ.

ಈ ಕಾರಿನಲ್ಲಿ ಅಲ್ಲಿ ಏನೂ ಇರಲಿಲ್ಲ. ಇನ್ನೊಂದು ಕಾರಿನಲ್ಲಿ ಅಲ್ಲೇ ತೂತುಗಳಿದ್ದವು.

ಏಣಿಯವನು ಏನೋ ಬೈದು ಹೋದ. ಮ್ಯಾನೇಜರ್ ಹಣೆ ಒರೆಸಿಕೊಂಡ. ಚಿಕ್ಕಮ್ಮ ಪಾದಗಳನ್ನು ನಿಧಾನವಾಗಿ ಎಳೆದುಕೊಂಡು ಸೀಟಿನ ಕೆಳಗೆ ಜೋಡಿಸಿಟ್ಟಳು.

ತಂಗಿಯ ಮೊದಲ ಪ್ರಶ್ನೆ ಆಗ ನೆನಪಾಯಿತು. ಚಿಕ್ಕಮ್ಮ ಊಟ ಮಾಡ್ತಿದಾಳಾ. ನಾನದನ್ನು ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ ಅದು, ಆದರೆ ಅದರಲ್ಲಿ ಕಾವಲೂ ಇತ್ತು. ಅವಳು ಯಾರನ್ನು ಮರೆಮಾಡಿ ಮುಳುಗುತ್ತಿದ್ದಾಳೆಂದು ನನಗೆ ತಿಳಿಯಿತು. ತಿಳಿದು ಏನು ಮಾಡಲಿ? ತಂಗಿಯನ್ನು ಬಿಡಿಸಲು ತಾಯಿಯಂಥವಳನ್ನು ಒಳಗೆ ಕಳಿಸಬೇಕು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಶೋರೂಮಿನ ಗೇಟಿಗೆ ಅಡ್ಡಲಾಗಿ ಯಾರದೋ ಸ್ಕೂಟರ್ ನಿಂತಿತ್ತು. ಮ್ಯಾನೇಜರ್ ಎಂಜಿನ್ ಆರಿಸಿ, ಕೀಲಿ ಕಿತ್ತುಕೊಂಡು, ಕಾವಲುಗಾರನನ್ನು ಬೈಯುತ್ತ ಇಳಿದುಹೋದ. ಕಾರಿನಲ್ಲಿ ನಾವಿಬ್ಬರೇ ಉಳಿದೆವು.

ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್. ಪುಟ್ಟ ಕಾರಿನ ಮೌನದಲ್ಲಿ ಅವರ ದನಿ ಮುಂದಿನ ಸೀಟಿಗೂ ಕೇಳುವಷ್ಟು ಜೋರಾಗಿತ್ತು.

“ನಿನ್ನ ತಂಗಿ ಪೆನ್ನು ಹಿಡ್ಕೊಂಡು ಕೂತಿದಾಳೆ. ಏನಾದ್ರೂ ಸಿಕ್ಕಿದ್ರೆ ಈಗ ಹೇಳು, ತಡೀತೀನಿ. ಒಂದ್ಸಲ ಸಹಿ ಬಿದ್ರೆ ನನ್ನ ಕೈಲೇನಿಲ್ಲ.”

ಒಂದು ನಿಮಿಷ ಎಂದೆ. ಫೋನನ್ನು ಅಂಗೈಯಿಂದ ಮುಚ್ಚಿಕೊಂಡೆ.

“ಚಿಕ್ಕಮ್ಮ, ಸೀಟು ಮಡಚು. ನಾನು ಇಳೀಬೇಕು.”

ಅವಳು ಏಳಲಿಲ್ಲ. ಮುಂದಿನ ಗಾಜಿನಲ್ಲಿ ಏನನ್ನೋ ನೋಡುತ್ತ ಕೂತಿದ್ದಳು. ಅವಳ ಬಿಳಿ ಕೂದಲ ಗಂಟು ನನ್ನ ಮುಖದ ಮುಂದೆಯೇ ಇತ್ತು. ಚಿಕ್ಕವನಾಗಿದ್ದಾಗ ಅವಳ ಸ್ಕೂಟರಿನ ಹಿಂದೆ ಕೂತು ಅದನ್ನೇ ನೋಡುತ್ತ ಶಾಲೆಗೆ ಹೋಗುತ್ತಿದ್ದೆ. ಆಗ ಕಪ್ಪಗಿತ್ತು. ಬಾಗಿಲಿಲ್ಲದ ಕಡೆಯ ಗಾಜನ್ನು ಸುಮ್ಮನೆ ಒಮ್ಮೆ ತಳ್ಳಿ ನೋಡಿದೆ.

“ನನ್ನ ಕಾಲು ನೋಡಿದೆ ಅಲ್ವಾ?” ಎಂದಳು.

“ಹಲೋ? ಸಹಿ ಹಾಕಿಸ್ಲಾ, ಬೇಡ್ವಾ?” ಎಂದಿತು ಅಂಗೈಯೊಳಗಿನ ದನಿ.

ಚಿಕ್ಕಮ್ಮ ತಿರುಗಿದಳು. ಅಳುತ್ತಿರಲಿಲ್ಲ. ಹೊಸದಾಗಿ ಕಲಿಯಲು ಬಂದ ಹೆಂಗಸಿಗೆ ಹೇಳುವಷ್ಟೇ ಸಮಾಧಾನವಾಗಿ ಹೇಳಿದಳು.

“ಕಾಲು ತೆಗೆದಿದ್ದು ನಾನೇ ಕಣೋ. ಹೇಳ್ಬಿಡು ಅವರಿಗೆ, ನಂಗೇನೂ ಭಯ ಇಲ್ಲ. ಆದ್ರೆ ಅದಕ್ಕೆ ಮುಂಚೆ ನಿನ್ನ ತಂಗೀನ ಒಂದು ಮಾತು ಕೇಳು. ನೀರಿನ ಬಾಟಲಿ ಕೆಳಗಿಟ್ಟು, ಅವನನ್ನೇ ನೋಡ್ತಾ, ಈಗ ಬಿಡು ಚಿಕ್ಕಮ್ಮ ಅಂದಿದ್ದು ಯಾರು ಅಂತ.”